ಕೋಟೆಯೊಳಗಿನ ಮದುವೆಯೂಟ

ಕೇಳುಗರಿಗೆ ನಮಸ್ಕಾರ.

ಸ್ಪೇನ್ ದೇಶದ ರಾಜಧಾನಿ ಮ್ಯಾಡ್ರಿಡ್‌ನಿಂದ ಈಶಾನ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ ಸಿಗ್ವೆನ್ಸಾ ಎಂಬ ಸಣ್ಣ ಊರಿದೆ. ಊರ ಚೌಕದಿಂದ ಹೊರಟ ಬೀದಿ ಏರುತ್ತ ಏರುತ್ತ ಹೋಗಿ ಮುಟ್ಟುವುದು ಒಂದು ಕೋಟೆಯ ಬುಡವನ್ನು. ಅರಬರ ಕಾಲದ ನೆಲೆಯ ಮೇಲೆ ಎದ್ದ ಈ ಕೋಟೆ, 12ನೆಯ ಶತಮಾನದಲ್ಲಿ ಕ್ರೈಸ್ತರ ವಶವಾದ ಬಳಿಕ, ಊರಿನ ಒಡೆತನವನ್ನೂ ಪಡೆದಿದ್ದ ಬಿಷಪ್ಪರ ಅರಮನೆಯಾಗಿ ಶತಮಾನಗಳ ಕಾಲ ಉಳಿಯಿತು. ಈಗ ಅದು ಹೋಟೆಲು. ಅಲ್ಲಿ ಮದುವೆಯ ಔತಣಗಳು ನಡೆಯುತ್ತವೆ.

ಸ್ಪೇನ್ ಸರ್ಕಾರವೇ ನಡೆಸುವ ಇಂಥ ಹೋಟೆಲುಗಳಿಗೆ 'ಪಾರಾದೋರ್' ಎಂದು ಹೆಸರು. ಮೊದಲನೆಯದು 1928ರಲ್ಲಿ ಗ್ರೇದೋಸ್ ಬೆಟ್ಟಗಳಲ್ಲಿ ತೆರೆಯಿತು. ಎರಡು ವರ್ಷಗಳ ನಂತರ ಒರೋಪೇಸಾದ ಕೋಟೆಯೂ ಆ ಸಾಲಿಗೆ ಸೇರಿತು. ಪಾಳುಬೀಳುತ್ತಿರುವ ಕಟ್ಟಡದಲ್ಲಿ ಅತಿಥಿಗಳನ್ನು ಇಳಿಸಿಕೊಂಡು, ಆ ಆದಾಯದಿಂದಲೇ ಅದರ ಛಾವಣಿಯನ್ನು ಕಾಪಾಡುವ ಉಪಾಯವಿದು. ಸಿಗ್ವೆನ್ಸಾದಲ್ಲಿ ಇದು ಸುಲಭವಾಗಿರಲಿಲ್ಲ. 1936ರ ಅಂತರ್ಯುದ್ಧದಲ್ಲಿ ಪೆಟ್ಟು ತಿಂದು ಹಾಳಾಗಿದ್ದ ಕೋಟೆಯನ್ನು 1970ರ ದಶಕದಲ್ಲಿ ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಬೇಕಾಯಿತು. ಆದ್ದರಿಂದ ಮದುಮಕ್ಕಳ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಕಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ನಮ್ಮ ಅಣ್ಣಂದಿರ ವಯಸ್ಸಿನವು. ನನಗೇನೂ ಇದು ಮೋಸವೆನಿಸುವುದಿಲ್ಲ. ಬಿದ್ದ ಗೋಡೆಯನ್ನು ಎಬ್ಬಿಸಿ ನಿಲ್ಲಿಸಿದವರನ್ನು ಹಳಿಯುವುದಾದರೂ ಹೇಗೆ?

ಸ್ಪೇನಿನ ಚರ್ಚಿನ ಮದುವೆಯಲ್ಲಿ 'ಆರಾಸ್' ಎಂಬ ಶಾಸ್ತ್ರವೊಂದಿದೆ. ವರನು ಹದಿಮೂರು ನಾಣ್ಯಗಳನ್ನು ವಧುವಿನ ಬೊಗಸೆಗೆ ಸುರಿಯುತ್ತಾನೆ. ಇರುವುದನ್ನೆಲ್ಲ ಹಂಚಿಕೊಂಡು ಬಾಳುತ್ತೇವೆಂಬ ಮಾತು ಅದರಲ್ಲಿ ಅಡಗಿದೆ. ಬಾಗಿಲು ದಾಟಿ ಹೊರಬಂದವರ ಮೇಲೆ ಬಂಧುಗಳು ಅಕ್ಕಿ ಎರಚುತ್ತಾರೆ, ಥೇಟ್ ನಮ್ಮ ಅಕ್ಷತೆಯಂತೆ.

ಆದರೆ ಈ ಕೋಟೆಯನ್ನು ಎಲ್ಲರೂ ನೆನೆಯುವುದು ಬೇರೊಬ್ಬ ಮದುಮಗಳಿಗಾಗಿ. ಫ್ರಾನ್ಸಿನ ಬೂರ್ಬೋನ್ ಮನೆತನದ ಬ್ಲಾಂಕಾ, 1353ರ ಜೂನ್ ತಿಂಗಳಲ್ಲಿ, ಹದಿನಾಲ್ಕರ ಆಸುಪಾಸಿನ ವಯಸ್ಸಿನಲ್ಲಿ, ಇಂದಿನ ಸ್ಪೇನಿನಲ್ಲಿ ಆಗಿದ್ದ ಕಾಸ್ತೀಲ್ ರಾಜ್ಯದ ದೊರೆ ಒಂದನೆಯ ಪೆದ್ರೋನನ್ನು ವಯ್ಯಾದೊಲೀದ್ ಊರಿನಲ್ಲಿ ಮದುವೆಯಾದಳು. ಕೆಲವೇ ದಿನಗಳಲ್ಲಿ ಅವನು ಅವಳನ್ನು ಬಿಟ್ಟು ತನ್ನ ಪ್ರೇಯಸಿ ಮರೀಯಾ ದೆ ಪಾದೀಯಾಳ ಬಳಿಗೆ ಹೊರಟುಹೋದ. ಒಪ್ಪಿಕೊಂಡಿದ್ದ ಮೂರು ಲಕ್ಷ ಫ್ಲಾರಿನ್ ಎಂಬ ಚಿನ್ನದ ನಾಣ್ಯಗಳ ವರದಕ್ಷಿಣೆ ಫ್ರಾನ್ಸಿನಿಂದ ಬಾರದೇ ಹೋದದ್ದೂ ಇದಕ್ಕೆ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಕೋಟೆಯಿಂದ ಕೋಟೆಗೆ ಸಾಗಿಸಲ್ಪಟ್ಟ ಆ ಹುಡುಗಿ ಸಿಗ್ವೆನ್ಸಾದಲ್ಲಿಯೂ ಸೆರೆಯಲ್ಲಿದ್ದಳು. 1361ರಲ್ಲಿ, ದೂರದ ದಕ್ಷಿಣ ಸ್ಪೇನಿನ ಆಂದಲೂಸಿಯಾದಲ್ಲಿ, ಸೆರೆಯಲ್ಲಿಯೇ ತೀರಿಕೊಂಡಳು. ಮರುವರ್ಷ ಸೆವಿಲ್ಲೆಯಲ್ಲಿ ಕೂಡಿದ್ದ ಸಭೆಯ ಮುಂದೆ ಪೆದ್ರೋ, ತಾನು ಮರೀಯಾಳನ್ನು ಮೊದಲೇ ಗುಟ್ಟಾಗಿ ವರಿಸಿದ್ದೆನೆಂದು ಸಾರಿದ. ಸಭೆ ಅದನ್ನು ಒಪ್ಪಿತು. ಬ್ಲಾಂಕಾಳ ಮದುವೆ ನಡೆದೇ ಇರಲಿಲ್ಲವೆಂದಾಯಿತು.