ಬೆಂಕಿಗೆ ಮೊದಲು ಓಡುವವರು ಮತ್ತು ನಮ್ಮ ಕಾನೂನು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕೇಳುಗರೆಲ್ಲರಿಗೂ ನಮಸ್ಕಾರ.

ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಮಲೆನಾಡಿನ ಗುಡ್ಡಗಳ ಹುಲ್ಲು ಒಣಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಬಯಲುಸೀಮೆಯ ಕಡೂರು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕಣದ ಪಕ್ಕದಲ್ಲಿ ಒಟ್ಟಿದ ಹುಲ್ಲಿನ ಬಣವೆಗಳು ಒಂದು ಬೀಡಿಯ ಕಿಡಿಗೂ ಹೊತ್ತಿಕೊಳ್ಳುವಷ್ಟು ಗರಿಗರಿಯಾಗಿರುತ್ತವೆ. ಇಂಥ ದಿನಗಳಲ್ಲಿ ಬೆಂಕಿ ಬಿದ್ದರೆ ಮೊದಲು ಅಲ್ಲಿಗೆ ಓಡುವವರು ಯಾರು, ಅವರಿಗೆ ಏನಾದರೂ ಆದರೆ ನಮ್ಮ ರಾಜ್ಯದ ಕಾನೂನು ಅವರನ್ನು ಯಾರೆಂದು ಗುರುತಿಸುತ್ತದೆ ಎಂಬ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ವ್ಯವಸ್ಥೆ ನಡೆಯುತ್ತಿರುವುದು 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯ ಅಡಿಯಲ್ಲಿ. ದಳವನ್ನು ಕಟ್ಟುವುದು, ಅದಕ್ಕೆ ನಿರ್ದೇಶಕರನ್ನು ನೇಮಿಸುವುದು, ಬೆಂಕಿ ಬಿದ್ದ ಜಾಗದಲ್ಲಿ ಜನರನ್ನು ದೂರ ಸರಿಸುವ, ರಸ್ತೆ ಮುಚ್ಚಿಸುವ, ಅಗತ್ಯ ಬಿದ್ದರೆ ಬಾಗಿಲು ಗೋಡೆಗಳನ್ನು ಒಡೆದು ಒಳನುಗ್ಗುವ ಅಧಿಕಾರವನ್ನು ಸಿಬ್ಬಂದಿಗೆ ಕೊಡುವುದು, ಇವೆಲ್ಲ ಆ ಕಾಯ್ದೆಯಲ್ಲಿವೆ. ಹೆಚ್ಚಿನವರು ಗಮನಿಸದ ಇನ್ನೊಂದು ಮಾತೂ ಅದರಲ್ಲಿದೆ. ಇರುವ ದಳ ಸಾಲದೆಂದು ಸರ್ಕಾರಕ್ಕೆ ತೋರಿದಾಗ ಸ್ವಯಂಸೇವಕರನ್ನು ಸೇರಿಸಿಕೊಂಡು ಒಂದು ಸಹಾಯಕ ದಳವನ್ನು ಕಟ್ಟಬಹುದು, ಅದರ ಷರತ್ತುಗಳನ್ನು ಸರ್ಕಾರವೇ ಗೊತ್ತುಮಾಡಬಹುದು ಎಂಬ ಮಾತು ಅದು. ಅಂದರೆ ಊರಿನವರು ಬೆಂಕಿ ಆರಿಸಲು ಇಲಾಖೆಯ ಜೊತೆ ನಿಲ್ಲಬಹುದೆಂಬ ಕಲ್ಪನೆ ನಮ್ಮ ಕಾನೂನಿಗೆ ಹೊಸದಲ್ಲ, ಅರವತ್ತು ವರ್ಷಗಳಿಂದ ಪುಸ್ತಕದಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಕೊರತೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಹಾಗೆ ಬಂದವರ ತರಬೇತಿ, ವಿಮೆ, ಪರಿಹಾರಗಳನ್ನು ಸರ್ಕಾರದ ಇಚ್ಛೆಗೆ ಬಿಡದೆ ಕಾಯ್ದೆಯಲ್ಲೇ ಹಕ್ಕಾಗಿ ಬರೆಯಬೇಕು.

ಈ ಮಾತಿಗೆ ಇಷ್ಟು ಒತ್ತು ಕೊಡುವುದಕ್ಕೆ ನಮ್ಮ ಭೂಗೋಳವೇ ಕಾರಣ. ದೇಶದ ಅಗ್ನಿಶಾಮಕ ಸಲಹಾ ಮಂಡಳಿ ಹಾಕಿಕೊಟ್ಟ ಮಾನದಂಡದ ಪ್ರಕಾರ ನಗರಗಳಲ್ಲಿ ಕರೆ ಬಂದ 5ರಿಂದ 7 ನಿಮಿಷಗಳಲ್ಲಿ, ಗ್ರಾಮಾಂತರದಲ್ಲಿ 20 ನಿಮಿಷಗಳಲ್ಲಿ ವಾಹನ ಸ್ಥಳ ತಲುಪಬೇಕು. ಠಾಣೆ ಇರುವುದು ಸಾಮಾನ್ಯವಾಗಿ ತಾಲ್ಲೂಕು ಕೇಂದ್ರದಲ್ಲಿ. ಅಲ್ಲಿಂದ ಬಿಸಿಲೆಯ ಕಡೆಗೋ ದೇವರಮನೆಯ ಕಡೆಗೋ ಹೊರನಾಡಿನ ಆಚೆಗೋ ಹೊರಟ ಭಾರದ ವಾಹನ, ತಿರುವುಗಳನ್ನು ದಾಟಿ, ಎದುರಿನಿಂದ ಬಸ್ಸು ಬಂದರೆ ಹಿಂದೆ ಸರಿದು ಜಾಗ ಕೊಟ್ಟು, ಎಸ್ಟೇಟಿನ ಮಣ್ಣು ರಸ್ತೆಗೆ ಇಳಿಯುವಷ್ಟರಲ್ಲಿ ಆ 20 ನಿಮಿಷ ಯಾವಾಗಲೋ ಕಳೆದಿರುತ್ತದೆ. ಚಾಲಕರು ಎಷ್ಟೇ ಚುರುಕಾಗಿದ್ದರೂ ಘಾಟಿಯ ರಸ್ತೆ ಚಿಕ್ಕದಾಗುವುದಿಲ್ಲ. ತಲುಪಿದ ಮೇಲೂ ಒಂದು ಸಾಮಾನ್ಯ ಅಗ್ನಿಶಾಮಕ ವಾಹನದಲ್ಲಿರುವ ಸುಮಾರು 4,500 ಲೀಟರ್ ನೀರು, ಎರಡು ಕೊಳವೆಗಳನ್ನು ಪೂರ್ತಿ ತೆರೆದರೆ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಮತ್ತೆ ತುಂಬಿಸಿಕೊಳ್ಳಲು ಹತ್ತಿರದ ಕೆರೆ ಎಲ್ಲಿದೆ, ಅದರ ದಂಡೆಯವರೆಗೆ ಲಾರಿ ಇಳಿಯುತ್ತದೆಯೇ, ಯಾರ ತೋಟದ ಗೇಟಿಗೆ ಬೀಗವಿದೆ ಎಂಬುದು ಗೊತ್ತಿರುವುದು ಊರಿನವರಿಗೆ ಮಾತ್ರ.

ಆದ್ದರಿಂದ ಊರಿನವರೇ ಮೊದಲು ಓಡುತ್ತಾರೆ. ಅವರು ಮಾಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಕಾಫಿ ತೋಟಗಳಲ್ಲಿ ಹೂವಿಗಾಗಿ ನೀರು ಹಾರಿಸುವ ಕೆಲಸ ನಡೆಯುವುದರಿಂದ ತೋಟದ ಕೆರೆಯ ಬಳಿ ಡೀಸೆಲ್ ಪಂಪು, ಉದ್ದಕ್ಕೂ ಜೋಡಿಸಿದ ಅಲ್ಯೂಮಿನಿಯಂ ಪೈಪು, ಸ್ಪ್ರಿಂಕ್ಲರ್ ಎಲ್ಲವೂ ಸಿದ್ಧವಾಗಿರುತ್ತವೆ. ಗುಡ್ಡದ ಮೇಲೆ ಹೊಗೆ ಕಂಡೊಡನೆ ತೋಟದ ಲೆಕ್ಕ ನೋಡುವ ರೈಟರು ಆಳುಗಳು ವಾಸಿಸುವ ಲೈನ್ ಮನೆಗಳ ಕಡೆಗೆ ಕೂಗು ಹಾಕುತ್ತಾರೆ. ಇಬ್ಬರು ಪಂಪಿನ ಬಳಿ ಓಡಿದರೆ, ಮತ್ತಿಬ್ಬರು ಪೈಪುಗಳನ್ನು ಕೊಂಡಿಯಿಂದ ಬಿಡಿಸಿ ತೋಟದ ಅಂಚಿನ ಕಡೆಗೆ ತಿರುಗಿಸಿ ಜೋಡಿಸುತ್ತಾರೆ. ಪೈಪು ಮುಟ್ಟದ ಹುಲ್ಲುಗಾವಲಿನಲ್ಲಿ ಉಳಿದವರು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬೆಂಕಿಯ ಸಾಲಿನ ಪಕ್ಕದಿಂದ ಬಡಿಯುತ್ತ ಹೋಗುತ್ತಾರೆ. ಎತ್ತಿ ಎತ್ತಿ ಹೊಡೆದರೆ ಕಿಡಿ ಹಾರುತ್ತದೆಂದು ಬಲ್ಲ ಹಿರಿಯರು ಕೊಂಬೆಯನ್ನು ನೆಲಕ್ಕೆ ಒತ್ತಿ ಎಳೆಯುವಂತೆ ಹುಡುಗರಿಗೆ ಹೇಳಿಕೊಡುತ್ತಾರೆ. ಗಾಳಿ ಎದ್ದರೆ ಗುದ್ದಲಿ, ಕತ್ತಿಗಳಿಂದ ಒಂದು ಪಟ್ಟಿಯಷ್ಟು ನೆಲ ಬೋಳಿಸಿ, ಬರುವ ಬೆಂಕಿಗೆ ಉರಿಯಲು ಏನೂ ಉಳಿಯದಂತೆ ಅಲ್ಲಿಂದ ಎದುರು ಬೆಂಕಿ ಕೊಡುವುದೂ ಉಂಟು. ಇದು ಬಹಳ ಅಪಾಯದ ಕೆಲಸ. ಅನುಭವವಿಲ್ಲದವರು ಕೈಹಾಕಿದರೆ ಒಂದು ಬೆಂಕಿ ಎರಡಾಗುತ್ತದೆ. ಇಷ್ಟನ್ನೂ ಮಾಡುವವರ ಕಾಲಲ್ಲಿ ಹವಾಯಿ ಚಪ್ಪಲಿ, ಮೈಮೇಲೆ ತಟ್ಟನೆ ಕರಗಿ ಅಂಟಿಕೊಳ್ಳುವ ಪಾಲಿಯೆಸ್ಟರ್ ಅಂಗಿ, ಮೂಗಿಗೆ ಕಟ್ಟಿದ ಒದ್ದೆ ಟವೆಲ್ಲು.

ತರಬೇತಿ ಪಡೆದವರಿಗೂ ಗುಡ್ಡದ ಬೆಂಕಿ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ನಮ್ಮ ಜಿಲ್ಲೆಗಳು ಕಂಡಿವೆ. 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಸಮೀಪ ಕಾಳ್ಗಿಚ್ಚು ನಂದಿಸಲು ಹೋದ ಅರಣ್ಯ ಇಲಾಖೆಯ ಸಿಬ್ಬಂದಿ ಬೆಂಕಿಯ ನಡುವೆ ಸಿಕ್ಕಿಕೊಂಡರು. ತೀವ್ರ ಸುಟ್ಟಗಾಯಗಳಾದ ಒಬ್ಬ ಅರಣ್ಯ ರಕ್ಷಕರು ತೀರಿಕೊಂಡರು. ಅವರು ಸರ್ಕಾರಿ ನೌಕರರು, ಅವರ ಕುಟುಂಬದ ವಿಷಯದಲ್ಲಿ ಸರ್ಕಾರಕ್ಕೆ ಬರೆದಿಟ್ಟ ಹೊಣೆಯಿದೆ. ಅದೇ ಇಳಿಜಾರಿನಲ್ಲಿ ಅವರ ಪಕ್ಕದಲ್ಲೇ ಸೊಪ್ಪು ಹಿಡಿದು ನಿಂತ ಒಬ್ಬ ದಿನಗೂಲಿ ಆಳಿಗೆ ಹಾಗೆ ಆಗಿದ್ದರೆ ಅವರ ಹೆಂಡತಿ ಮಕ್ಕಳು ಯಾವ ಕಚೇರಿಯ ಬಾಗಿಲು ತಟ್ಟಬೇಕಾಗಿತ್ತು?

ಕಾನೂನುಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಉತ್ತರ ನಿರಾಶೆ ಹುಟ್ಟಿಸುತ್ತದೆ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಿಂದ ಹಿಡಿದು 2020ರ ಸಾಮಾಜಿಕ ಭದ್ರತಾ ಸಂಹಿತೆಯವರೆಗೆ ಪರಿಹಾರದ ಲೆಕ್ಕ ನಿಂತಿರುವುದು ಮಾಲೀಕ, ನೌಕರ, ಕೂಲಿ ಎಂಬ ಮೂರರ ಮೇಲೆ. ನೆರೆಯವರ ಬಣವೆ ಆರಿಸಲು ಹೋದವನಿಗೆ ಆ ಹೊತ್ತಿನಲ್ಲಿ ಮಾಲೀಕನೂ ಇಲ್ಲ, ಕೂಲಿಯೂ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ರಕ್ಷಣಾ ಕಾರ್ಯಕ್ಕಾಗಿ ಖಾಸಗಿ ವಾಹನವನ್ನು ವಶಕ್ಕೆ ಪಡೆಯುವ ಅಧಿಕಾರ ಕೊಡುತ್ತದೆ, ಹಾಗೆ ಪಡೆದ ವಾಹನಕ್ಕೆ ಬಾಡಿಗೆ ಲೆಕ್ಕದಲ್ಲಿ ಹಣ ಸಲ್ಲಬೇಕೆಂದೂ ಹೇಳುತ್ತದೆ. ಪಿಕಪ್ ವಾಹನದ ಬಾಡಿಗೆಗೆ ಕಾನೂನಿನ ಖಾತರಿ ಇದೆ, ಅದರ ಹಿಂದೆ ಡ್ರಮ್ಮು ಹಿಡಿದು ನಿಂತವನ ಕೈಸುಟ್ಟರೆ ಅಂಥ ಖಾತರಿ ಇಲ್ಲ. ಅರಣ್ಯ ಕಾನೂನಂತೂ ಇನ್ನೊಂದು ದಿಕ್ಕಿನಿಂದ ಬರುತ್ತದೆ: ಕಾಡಿನಲ್ಲಿ ಹಕ್ಕುಳ್ಳವರು, ಅಲ್ಲಿಂದ ಸೌದೆ ಸೊಪ್ಪು ತರುವ ಅನುಮತಿ ಪಡೆದವರು ಬೆಂಕಿ ಕಂಡರೆ ಆರಿಸಲು ನೆರವಾಗಲೇಬೇಕೆಂದು ಅದು ಕರ್ತವ್ಯ ವಿಧಿಸುತ್ತದೆ. ಕರ್ತವ್ಯವನ್ನು ಹೊರಿಸಿದ ಸರ್ಕಾರ ಆ ಕರ್ತವ್ಯದಲ್ಲಿ ಗಾಯಗೊಂಡವರ ಹೊಣೆಯನ್ನೂ ಹೊರಬೇಕು ಎಂದರೆ ಅದು ಅತಿಯಾದ ಬೇಡಿಕೆಯಲ್ಲ.

ನೆರವಿಗೆ ಬಂದವರನ್ನು ಕಾನೂನಿನಿಂದ ಕಾಪಾಡುವುದು ಕರ್ನಾಟಕಕ್ಕೆ ಗೊತ್ತಿಲ್ಲದ ದಾರಿಯೂ ಅಲ್ಲ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸ್ ಠಾಣೆ, ನ್ಯಾಯಾಲಯಗಳಿಗೆ ಅಲೆದಾಡಿಸಬಾರದೆಂದು 2016ರಲ್ಲಿ ವಿಧಾನಮಂಡಲ ಒಂದು ಕಾಯ್ದೆ ಮಾಡಿತು. ದೇಶದಲ್ಲಿ ಇಂಥ ಕಾಯ್ದೆ ತಂದ ಮೊದಲ ರಾಜ್ಯ ನಮ್ಮದು. ಶಿರಾಡಿ ಘಾಟಿಯಲ್ಲಿ ಕಾರಿನಿಂದ ಒಬ್ಬರನ್ನು ಹೊರಗೆಳೆದ ಯುವಕನನ್ನು ನೆನೆದು ಕಾನೂನು ಬರೆದ ಸದನ, ಅದೇ ಯುವಕ ಮಾರನೆಯ ದಿನ ಗುಡ್ಡದ ಬೆಂಕಿಗೆ ಓಡುತ್ತಾನೆಂಬುದನ್ನೂ ನೆನೆಯಬಹುದು.

ಬೇರೆಡೆ ಇದು ಹೇಗೆ ನಡೆಯುತ್ತದೆ ಎಂದು ತಿಳಿಯುವುದು ಉಪಯುಕ್ತ. ಅಮೆರಿಕದಲ್ಲಿ ಅಗ್ನಿಶಾಮಕರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರು. ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಸಂಘದ ಕಾಲದಿಂದ ಅಲ್ಲಿ ಆ ಸಂಪ್ರದಾಯ ಬೆಳೆದು ಬಂದಿದೆ. ಆದರೆ ಆ ದೇಶ ಬರೀ ಸಂಪ್ರದಾಯವನ್ನು ನಂಬಿ ಕೂತಿಲ್ಲ. ಸ್ವಯಂಸೇವಕ ನೌಕರನಲ್ಲ, ಆದ್ದರಿಂದ ಕಾರ್ಮಿಕ ಪರಿಹಾರ ಅವನಿಗೆ ಸಲೀಸಾಗಿ ಸಿಗುವುದಿಲ್ಲ ಎಂಬ ತೊಡಕನ್ನು ನ್ಯೂಯಾರ್ಕ್ ರಾಜ್ಯ 1950ರ ದಶಕದಲ್ಲೇ ಕಂಡುಕೊಂಡು, ಅವರ ಚಿಕಿತ್ಸೆ, ಅಂಗವೈಕಲ್ಯ, ಮರಣ ಪರಿಹಾರಗಳಿಗೆ ಪ್ರತ್ಯೇಕ ಕಾನೂನನ್ನೇ ಮಾಡಿತು. ಅಲ್ಲಿನ ಸ್ವಯಂಸೇವಕರಿಗೆ ಕಟ್ಟಬೇಕಾದ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 200 ಡಾಲರ್ ರಿಯಾಯಿತಿಯೂ ಇದೆ. ಬೆಂಕಿಗೆ ಓಡಿದ್ದರಿಂದ ಕೆಲಸಕ್ಕೆ ತಡವಾದವರನ್ನು ಮಾಲೀಕರು ವಜಾ ಮಾಡುವಂತಿಲ್ಲ ಎಂಬ ಕಾನೂನು ಹಲವು ರಾಜ್ಯಗಳಲ್ಲಿದೆ. ಇನ್ನು ನಮ್ಮ ನೆರೆಯ ಕೇರಳ, 2018ರ ಪ್ರವಾಹದ ನಂತರ ಅಗ್ನಿಶಾಮಕ ಠಾಣೆಗಳಿಗೆ ಹೊಂದಿಕೊಂಡಂತೆ ನಾಗರಿಕ ಸ್ವಯಂಸೇವಕರ ಪಡೆಯನ್ನು ಕಟ್ಟಿತು. ಪ್ರತಿ ಠಾಣೆಗೆ 50 ಜನರ ಲೆಕ್ಕ. ಹವೆ, ಬೆಟ್ಟ, ತೋಟ, ಚದುರಿದ ಮನೆ, ಎಲ್ಲದರಲ್ಲೂ ನಮ್ಮನ್ನು ಹೋಲುವ ಕೇರಳದ ಮಾದರಿಯೇ ನಮಗೆ ಹೆಚ್ಚು ಹತ್ತಿರದ್ದು.

ಇದಕ್ಕೆ ಎದುರಾಗುವ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ. ಸ್ವಯಂಸೇವಕರು ಸಿಕ್ಕರೆಂದು ಸರ್ಕಾರ ಖಾಲಿ ಹುದ್ದೆಗಳನ್ನು ತುಂಬದೆ ಬಿಟ್ಟರೆ ಏನು ಗತಿ ಎಂದು ಇಲಾಖೆಯ ಸಿಬ್ಬಂದಿ ಕೇಳಬಹುದು. ಆ ಭಯ ನ್ಯಾಯವಾದದ್ದು, ಹಾಗಾಗಿ ಸಹಾಯಕ ದಳ ಕಾಯಂ ಸಿಬ್ಬಂದಿಗೆ ಬದಲಿಯಲ್ಲ ಎಂಬ ಮಾತೂ ಕಾಯ್ದೆಯಲ್ಲಿಯೇ ಇರಬೇಕು. ಹೆಸರು ನೋಂದಾಯಿಸದೆ ಓಡಿಬಂದವರೆಲ್ಲ ಪರಿಹಾರ ಕೇಳಿದರೆ ದುರುಪಯೋಗವಾಗದೇ ಎಂಬ ಪ್ರಶ್ನೆಗೆ, ಠಾಣಾಧಿಕಾರಿಯೋ ವಲಯ ಅರಣ್ಯಾಧಿಕಾರಿಯೋ ಸ್ಥಳದ ಹಾಜರಾತಿಯನ್ನು ಅಂದೇ ಬರೆದುಕೊಳ್ಳುವ ಪದ್ಧತಿ ಸಾಕಷ್ಟು ಉತ್ತರ ಕೊಡುತ್ತದೆ. ಹಣದ ಮಾತಿಗೆ ಬಂದರೆ, ಪಟ್ಟಿಯಲ್ಲಿರುವವರಿಗೆಲ್ಲ ಒಟ್ಟಾಗಿ ಮಾಡಿಸುವ ಗುಂಪು ವಿಮೆ ಒಂದು ಹೊಸ ಅಗ್ನಿಶಾಮಕ ವಾಹನದಷ್ಟು ದುಬಾರಿಯಾಗುವ ಸಂಗತಿಯಲ್ಲ ಎಂದು ನಾನು ನಂಬಿದ್ದೇನೆ. ದಿನಗೂಲಿಯವರ ವಿಷಯದಲ್ಲಿ ಮಾತ್ರ ಒಂದು ಹೆಚ್ಚಿನ ಕಾಳಜಿ ಬೇಕು. ಬೆಂಕಿ ಆರಿಸಲು ಹೋದ ದಿನದ ಕೂಲಿ ಅವರಿಗೆ ಸಿಗಬೇಕು. ಅದನ್ನು ತೋಟದ ಮಾಲೀಕರ ಔದಾರ್ಯಕ್ಕೆ ಬಿಟ್ಟರೆ ಒಂದು ತೋಟದಲ್ಲಿ ಸಿಕ್ಕೀತು, ಪಕ್ಕದ ತೋಟದಲ್ಲಿ ಸಿಗದೆ ಹೋದೀತು.

ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅಗ್ನಿಶಾಮಕ ಸೇವೆಗಳ ಮಾದರಿ ಮಸೂದೆಯೊಂದನ್ನು ರಾಜ್ಯಗಳಿಗೆ ಕಳಿಸಿದೆ. ಅಗ್ನಿಶಾಮಕ ಸೇವೆ ರಾಜ್ಯಗಳ ಹೊಣೆಯಾದ್ದರಿಂದ ಅದನ್ನು ಹೇಗೆ ಬಳಸಿಕೊಳ್ಳಬೇಕೆಂಬುದು ನಮ್ಮ ವಿಧಾನಮಂಡಲದ ಕೈಯಲ್ಲೇ ಇದೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಗ್ರಾಮಸಭೆಗಳು ಈ ವಿಷಯವನ್ನು ಎತ್ತಿಕೊಂಡು ನಿರ್ಣಯ ಮಾಡಿ ತಮ್ಮ ಶಾಸಕರಿಗೆ ಕಳಿಸಬಹುದು. ಬರೆಯುವಾಗ ಈ ಮೂರು ಮಾತುಗಳು ಅದರಲ್ಲಿರಲಿ ಎಂದು ಕೇಳಿಕೊಳ್ಳುತ್ತೇನೆ: ಪ್ರತಿ ಠಾಣೆಯ ವ್ಯಾಪ್ತಿಯಲ್ಲಿ ಊರುವಾರು ಸ್ವಯಂಸೇವಕರ ಪಟ್ಟಿ ಇಟ್ಟು ಬೇಸಿಗೆಗೆ ಮುಂಚೆ ತರಬೇತಿ, ಬೂಟು, ಹತ್ತಿಬಟ್ಟೆಯ ಅಂಗಿ ಕೊಡಬೇಕು, ಗಾಯವಾದರೆ ಪೂರ್ಣ ಚಿಕಿತ್ಸೆ ಸರ್ಕಾರದ್ದಾಗಬೇಕು, ಸಾವು ಸಂಭವಿಸಿದರೆ ಕಾಯಂ ಸಿಬ್ಬಂದಿಯ ಕುಟುಂಬಕ್ಕೆ ಸಲ್ಲುವಷ್ಟೇ ಪರಿಹಾರ ಅವರ ಕುಟುಂಬಕ್ಕೂ ಸಲ್ಲಬೇಕು. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ, ಆ ದಿನಗಳಲ್ಲಿ ಸಿಬ್ಬಂದಿ ಸಾರ್ವಜನಿಕರಿಗೆ ಪ್ರಾತ್ಯಕ್ಷಿಕೆ ತೋರಿಸುತ್ತಾರೆ. ನಿಮ್ಮೂರಿನ ಯುವಕ ಯುವತಿಯರನ್ನು ಕರೆದುಕೊಂಡು ಹೋಗಿ, ನಿಮ್ಮ ಕೆರೆ, ಬಾವಿ, ಲಾರಿ ಇಳಿಯುವ ದಾರಿಗಳ ವಿವರವನ್ನು ಠಾಣಾಧಿಕಾರಿಗಳಿಗೆ ಬರೆದು ಕೊಟ್ಟು ಬನ್ನಿ. ನಮಸ್ಕಾರ.