ನಡು ಮೈದಾನದ ನೀರುಗಂಟಿ

ಕೇಳುಗರಿಗೆ ನಮಸ್ಕಾರ.

ಚಳಿಗಾಲದಲ್ಲಿ ಇಂಗ್ಲೆಂಡಿನ ಶನಿವಾರ ಮಧ್ಯಾಹ್ನದ ಫುಟ್‌ಬಾಲ್ ಪಂದ್ಯ ನಮಗೆ ರಾತ್ರಿ ಎಂಟೂವರೆಗೆ ಶುರುವಾಗಿ ಹತ್ತೂವರೆಯೊಳಗೆ ಮುಗಿಯುತ್ತದೆ. ಭಾನುವಾರ ಬೆಳಿಗ್ಗೆ ಹಾಸನದಲ್ಲಿ, ಮೈದಾನದ ಮೆಟ್ಟಿಲ ಮೇಲೋ ಬೈಟು ಕಾಫಿ ಲೋಟದ ಮುಂದೋ ಅದರ ವಿಚಾರಣೆ. ತಂಡ ಸೋತಿದ್ದರೆ ಕಟಕಟೆ ಹತ್ತುವವನು ಹೆಚ್ಚಿನ ಸಲ ಮಿಡ್‌ಫೀಲ್ಡರ್, ಅಂದರೆ ಮೈದಾನದ ನಡುವೆ ಆಡುವವನು. "ಏನ್ ಮಾಡ್ತಾನೆ ಗುರು ಅವ್ನು? ಗೋಲಿಲ್ಲ, ಅಸಿಸ್ಟಿಲ್ಲ, ಬರೀ ಅಡ್ಡಡ್ಡ ಪಾಸು" ಅಂತ ಒಬ್ಬ. "ಅವ್ನನ್ನ ತೆಗೆದು ನೋಡು, ಆಮೇಲೆ ಗೊತ್ತಾಗುತ್ತೆ" ಅಂತ ಇನ್ನೊಬ್ಬ. ಬೆಂಗಳೂರು ಎಫ್‌ಸಿ ಆಟವಾದರೂ ಇದೇ ಮಾತು, ಏಳೇಳು ಜನ ಆಡುವ ನಮ್ಮೂರ ಸೆವೆನ್ಸ್ ಪಂದ್ಯವಾದರೂ ಇದೇ ಮಾತು. ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆಯೇ ಹೊರತು, ಅವನು ಆಡಿದ್ದನ್ನು ಕೂತು ನೋಡಿದವರು ಕಡಿಮೆ. ನೋಡಿದ್ದು ಚೆಂಡನ್ನು.

ಕೆರೆ ಕೆಳಗೆ ಗದ್ದೆ ಇದ್ದ ಮನೆಯವರಿಗೆ ನೀರುಗಂಟಿ ಗೊತ್ತು. ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಅಂದಾಜು ಮಾಡಿ ನೀರು ತಿರುಗಿಸುವವನು. ಬೆಳೆ ಚೆನ್ನಾಗಿ ಬಂದರೆ ಹೆಸರು ಗದ್ದೆಯವನಿಗೆ, ಕೊನೇ ಗದ್ದೆ ಒಣಗಿದರೆ ಬೈಗುಳ ನೀರುಗಂಟಿಗೆ. ಆದರೆ ಕೊನೇ ಗದ್ದೆ ಯಾಕೆ ಒಣಗಿತು? ಕೆರೆಯಲ್ಲೇ ನೀರಿಲ್ಲದಿರಬಹುದು, ನಡುವೆ ಕಾಲುವೆ ಒಡೆದಿರಬಹುದು, ಇಲ್ಲಾ ಅವನೇ ಹೊಂಗೆ ಮರದ ಕೆಳಗೆ ನಿದ್ದೆ ಹೊಡೆದಿರಬಹುದು. ಮಿಡ್‌ಫೀಲ್ಡರ್ ವಿಚಾರದಲ್ಲೂ ಈ ಮೂರರಲ್ಲಿ ಯಾವುದು ಅಂತ ಮೊದಲು ಗೊತ್ತಾಗಬೇಕು.

ಕೆರೆ ಅಂದರೆ ಇಲ್ಲಿ ಹಿಂದಿನ ಸಾಲು, ಅಂದರೆ ಡಿಫೆಂಡರ್‌ಗಳು. ಆ ಸಾಲಿನ ನಡುವೆ ನಿಲ್ಲುವ ಸೆಂಟರ್ ಬ್ಯಾಕ್ ಚೆಂಡು ಕೊಡುವ ಒಂದೇ ಗಳಿಗೆಯನ್ನು ಹತ್ತಿರದಿಂದ ನೋಡೋಣ. ಮಿಡ್‌ಫೀಲ್ಡರ್ 15 ಮೀಟರ್ ದೂರದಲ್ಲಿ ನಿಂತಿದ್ದಾನೆ, ಅವನ ಬೆನ್ನಿಂದ ಐದಾರು ಮೀಟರ್ ಆಚೆ ಎದುರಾಳಿ. ಪಾಸು ಗಟ್ಟಿಯಾಗಿ ಬಂದರೆ ಒಂದು, ಒಂದೂವರೆ ಸೆಕೆಂಡಿನಲ್ಲಿ ಕಾಲಿಗೆ ಮುಟ್ಟುತ್ತದೆ, ತಿರುಗಲು ಪುರಸೊತ್ತು ಸಿಗುತ್ತದೆ. ಅದೇ ಪಾಸು ಮೆತ್ತಗೆ ಬಂದರೆ ಎರಡು ಸೆಕೆಂಡು ದಾಟಿತು. ಅಷ್ಟರಲ್ಲಿ ಎದುರಾಳಿ ಬೆನ್ನಿಗೆ ಬಂದು ನಿಂತಾಯ್ತು. ಯಾವ ಕಾಲಿಗೆ ಬಂತು ಅನ್ನುವುದೂ ಮುಖ್ಯ. ಎದುರಾಳಿಯಿಂದ ದೂರದ ಕಾಲಿಗೆ ಬಂದರೆ ಚೆಂಡಿಗೂ ಅವನಿಗೂ ನಡುವೆ ಮೈ ಅಡ್ಡ ಇರುತ್ತದೆ. ಹತ್ತಿರದ ಕಾಲಿಗೆ ಬಂದರೆ ಹಿಂದಕ್ಕೆ ವಾಪಸು ಕೊಡುವುದು ಬಿಟ್ಟು ಬೇರೆ ದಾರಿ ಇಲ್ಲ. ಟಿವಿ ಮುಂದೆ ಕೂತವನು ಕೂಗುತ್ತಾನೆ: "ನೋಡಿದ್ಯಾ, ಮತ್ತೆ ಹಿಂದಕ್ಕೇ ಕೊಟ್ಟ!"

ಆದರೆ ಪಾಸು ಸರಿಯಾಗಿ ಬಂದೂ ಅವನು ಎಡವಿದರೆ ತಪ್ಪು ಅವನದೇ. ಅಲ್ಲಿ ನೋಡಬೇಕಾದ್ದು ಕುತ್ತಿಗೆ. ಚೆಂಡು ಇನ್ನೂ ದಾರಿಯಲ್ಲಿರುವಾಗ ಒಳ್ಳೆಯ ಮಿಡ್‌ಫೀಲ್ಡರ್ ಎರಡು ಮೂರು ಸಲ ಹೆಗಲ ಹಿಂದೆ ನೋಡಿರುತ್ತಾನೆ. ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಇದನ್ನೇ ಕೂತು ಎಣಿಸಿದವರು. ಇಂಗ್ಲೆಂಡಿನ ಚೆಲ್ಸಿ ತಂಡದಲ್ಲಿ ಆಡಿದ ಫ್ರಾಂಕ್ ಲ್ಯಾಂಪಾರ್ಡ್ ಈ ನೋಟದಲ್ಲಿ ಎಲ್ಲರಿಗಿಂತ ಮುಂದಿದ್ದವರ ಸಾಲಿನವನು. ಫಾರ್ಮ್ ಕಳಕೊಂಡ ಆಟಗಾರನಲ್ಲಿ ಮೊದಲು ನಿಲ್ಲುವುದು ಈ ಕುತ್ತಿಗೆಯೇ. ಚೆಂಡು ಎಲ್ಲಿ ಜಾರುತ್ತೋ ಅನ್ನುವ ಹೆದರಿಕೆಗೆ ಕಣ್ಣು ಚೆಂಡಿಗೇ ಅಂಟಿಕೊಳ್ಳುತ್ತದೆ. ಹಿಂದೆ ಯಾರಿದ್ದಾರೆ ಗೊತ್ತಾಗುವುದಿಲ್ಲ, ಮೊದಲ ಟಚ್ ಎದುರಾಳಿಯ ಕಾಲಿಗೇ ಹೋಗುತ್ತದೆ.

ಇನ್ನು ಕಾಲುವೆ. ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ತಂಡ ಒಟ್ಟಾಗಿ ನಿಂತಾಗ ಹಿಂದಿನ ಸಾಲಿಗೂ ಮುಂದಿನ ಸಾಲಿಗೂ 30-35 ಮೀಟರ್ ಅಂತರ ಇರುತ್ತದೆ. ಫಾರ್ವರ್ಡ್‌ಗಳು ಮೇಲೆಯೇ ಉಳಿದು, ಡಿಫೆಂಡರ್‌ಗಳು ಹೆದರಿ ತಮ್ಮ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಹತ್ತಿರಕ್ಕೆ ಸರಿದರೆ ಅದು 50 ಆಗುತ್ತದೆ. ಆಗ ನಡುವೆ ಇರುವ ಇಬ್ಬರು ಕಾಯಬೇಕಾದ ಜಾಗ ನೋಡಿ. ಯಾರೇ ನಿಂತರೂ ತಡವಾಗಿ ಓಡುತ್ತಾರೆ, ತಡವಾಗಿ ಕಾಲು ಚಾಚುತ್ತಾರೆ, ಹಳದಿ ಕಾರ್ಡ್ ತಿನ್ನುತ್ತಾರೆ.

ಇಂಗ್ಲೆಂಡಿನ ಆರ್ಸೆನಲ್ ತಂಡದ ಮಿಡ್‌ಫೀಲ್ಡರ್ ಆಗಿದ್ದ ಗ್ರಾನಿಟ್ ಜಾಕಾ ಕಥೆ ಇದೇ. 2019ರ ಅಕ್ಟೋಬರ್ 27, ಆರ್ಸೆನಲ್ ತನ್ನ ಮೈದಾನದಲ್ಲೇ ಕ್ರಿಸ್ಟಲ್ ಪ್ಯಾಲೇಸ್ ಎದುರು 2-2 ಡ್ರಾ ಮಾಡಿಕೊಂಡ ದಿನ. ನಾಯಕನಾಗಿದ್ದ ಜಾಕಾನನ್ನು ಕೋಚ್ ಹೊರಗೆ ಕರೆದಾಗ ಸ್ವಂತ ತಂಡದ ಅಭಿಮಾನಿಗಳೇ ಗೇಲಿ ಮಾಡಿದರು. ಅವನು ಕಿವಿಗೆ ಕೈ ಇಟ್ಟು ತಿರುಗೇಟು ಕೊಟ್ಟ, ಜೆರ್ಸಿ ಕಳಚಿ ಒಳಗೆ ನಡೆದ. ನಾಯಕತ್ವ ಹೋಯಿತು. ಅವನ ಕಾಲು ನಿಧಾನ ಅನ್ನುವುದು ಸುಳ್ಳಲ್ಲ, ತಿರುಗಲು ಹೊತ್ತು ಬೇಕು, ಬೆನ್ನ ಹಿಂದೆ ಓಡುವವನನ್ನು ಹಿಡಿಯಲಾರ. ಆಗಿನ ಆರ್ಸೆನಲ್ ಅವನಿಗೆ ಕೊಟ್ಟಿದ್ದು ಅದೇ ಕೆಲಸ.

ಆಮೇಲೆ ಕೋಚ್ ಆಗಿ ಬಂದ ಮಿಕೆಲ್ ಆರ್ಟೆಟಾ, 2022-23ರ ಋತುವಿನಲ್ಲಿ ಥಾಮಸ್ ಪಾರ್ಟೆಯನ್ನು ಹಿಂದೆ ಕಾವಲಿಗೆ ನಿಲ್ಲಿಸಿ ಜಾಕಾನನ್ನು ಎಡಗಡೆ ಮುಂದಕ್ಕೆ ಬಿಟ್ಟರು. ಲೀಗಿನಲ್ಲಿ 7 ಗೋಲು ಹೊಡೆದ, ತಂಡ ಎರಡನೇ ಸ್ಥಾನಕ್ಕೆ ಬಂತು. ಮರುವರ್ಷ ಜರ್ಮನಿಯ ಲೆವರ್‌ಕುಸೆನ್‌ಗೆ ಹೋದ. ಅಲ್ಲಿ ಮತ್ತೆ ಹಿಂದೆಯೇ ಆಡಿದ, ಆದರೆ ಬೆನ್ನಿಗೆ ಮೂವರು ಸೆಂಟರ್ ಬ್ಯಾಕ್‌ಗಳಿದ್ದರು. 34 ಪಂದ್ಯದಲ್ಲಿ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲದೆ ಲೆವರ್‌ಕುಸೆನ್ ಲೀಗ್ ಗೆದ್ದಿತು. ಜರ್ಮನ್ ಕಪ್ ಫೈನಲ್‌ನ ಏಕೈಕ ಗೋಲು ಜಾಕಾನದೇ. ಅಷ್ಟು ಹೊತ್ತಿಗೆ ವಯಸ್ಸು ಮೂವತ್ತು ದಾಟಿತ್ತು, ಕಾಲೇನೂ ಚುರುಕಾಗಿರಲಿಲ್ಲ. ಓಡಬೇಕಾದ ಜಾಗ ಚಿಕ್ಕದಾಗಿತ್ತು, ಅಷ್ಟೇ.

"ತೆಗೆದು ನೋಡು" ಅನ್ನುವವರ ಕಡೆಗೂ ಒಂದು ಸಾಕ್ಷಿ ಇದೆ. 2003ರಲ್ಲಿ ರಿಯಲ್ ಮ್ಯಾಡ್ರಿಡ್ ಬೆಕಮ್‌ನನ್ನು ಕೊಂಡುಕೊಂಡ ಬೇಸಿಗೆಯಲ್ಲೇ ಹಿಂದೆ ನಿಂತು ಕಾಯುತ್ತಿದ್ದ ಮಿಡ್‌ಫೀಲ್ಡರ್ ಕ್ಲೋಡ್ ಮಕೆಲೆಲೆಯನ್ನು ಚೆಲ್ಸಿಗೆ ಬಿಟ್ಟುಕೊಟ್ಟಿತು. ಮುಂದೆ ತಾರೆಗಳು ಹೆಚ್ಚಾದರು, ಹಿಂದೆ ತೂಬು ನೋಡುವವನಿಲ್ಲ. ಆ ಋತುವಿನಲ್ಲಿ ಮ್ಯಾಡ್ರಿಡ್‌ಗೆ ಲೀಗಿನಲ್ಲಿ ನಾಲ್ಕನೇ ಸ್ಥಾನ. ಅವನನ್ನು ಪಡೆದ ಚೆಲ್ಸಿ 2004-05ರಲ್ಲಿ 38 ಪಂದ್ಯಕ್ಕೆ ಬರೀ 15 ಗೋಲು ಬಿಟ್ಟುಕೊಟ್ಟು ಪ್ರೀಮಿಯರ್ ಲೀಗ್ ಗೆದ್ದಿತು.

ಹಾಗಾದರೆ ನೋಡುವುದು ಹೇಗೆ? ಒಂದು ಹಾಳೆ, ಒಂದು ಪೆನ್ನು ಸಾಕು. ಪಂದ್ಯದ ಮೊದಲ 15 ನಿಮಿಷ ಬಿಡಿ, ಆಗ ಎರಡೂ ತಂಡ ಒದ್ದಾಡುತ್ತಿರುತ್ತವೆ. ಆಮೇಲೆ 15 ನಿಮಿಷ ಚೆಂಡನ್ನು ಮರೆತು ಅವನೊಬ್ಬನನ್ನೇ ನೋಡಿ. ಟಿವಿಯಲ್ಲಿ ಅವನು ಪರದೆಯಿಂದ ಹೊರಗೆ ಹೋಗುತ್ತಲೇ ಇರುತ್ತಾನೆ, ಅದಕ್ಕೇ ಈ ಕೆಲಸಕ್ಕೆ ಮೈದಾನದ ಮೆಟ್ಟಿಲೇ ವಾಸಿ, ಅದೂ ಮೇಲಿನ ಮೆಟ್ಟಿಲು. ಪಾಸು ಕೊಟ್ಟಾಗಲೆಲ್ಲ ಮುಂದಕ್ಕೋ, ಅಡ್ಡಕ್ಕೋ, ಹಿಂದಕ್ಕೋ ಒಂದು ಗೀಟು ಹಾಕಿ. 50 ಪಾಸಿನಲ್ಲಿ 46 ಸರಿ ಹೋದರೆ ನೂರಕ್ಕೆ 92 ಅಂತ ಟಿವಿ ತೋರಿಸುತ್ತದೆ. ಅದರಲ್ಲಿ 38 ಪಾಸು ಪಕ್ಕದವನಿಗೇ ಆಗಿದ್ದರೆ ಆ 92ಕ್ಕೆ ಬೆಲೆ ಇಲ್ಲ. ಹಾಗೆಯೇ ಎದುರಾಳಿಯ ಎರಡು ಸಾಲು ಸೀಳುವ ಪಾಸಿಗೆ ಹತ್ತು ಸಲ ಕೈ ಹಾಕಿ ಆರು ಸಲ ಸೋತವನನ್ನು ಬೈಯುವ ಮುಂಚೆ, ಉಳಿದ ನಾಲ್ಕು ಎಲ್ಲಿ ಹೋಗಿ ಮುಟ್ಟಿದವು ನೋಡಿ.

ಚೆಂಡು ಕಳೆದಲ್ಲಿ ಒಂದು ಚುಕ್ಕಿ ಇಡಿ. ಎದುರಾಳಿಯ ಅರ್ಧದಲ್ಲಿ ಕಳೆದದ್ದು ಬೇರೆ, ನಮ್ಮ ಬಾಕ್ಸ್ ಮುಂದೆ, ಮೈದಾನದ ನಡುವೆ ಕಳೆದದ್ದು ಬೇರೆ. ಎರಡನೆಯದು ಪಂದ್ಯಕ್ಕೆ ಒಂದಾದರೂ ಹೆಚ್ಚು. ಕಳೆದ ಮೇಲಿನ ಐದು ಸೆಕೆಂಡು ಬಿಡದೆ ಗಮನಿಸಿ. ಬೆನ್ನಟ್ಟಿದನೇ, ಕೈ ಚೆಲ್ಲಿ ರೆಫರಿ ಕಡೆ ನೋಡಿದನೇ?

ಎಲ್ಲಕ್ಕಿಂತ ಕೆಟ್ಟ ಚಾಳಿ ಅಡಗುವುದು. ಹಿಂದಿನವನ ಕಾಲಲ್ಲಿ ಚೆಂಡು ಇದ್ದಾಗ ಇವನು ಎದುರಾಳಿಯ ನೆರಳಲ್ಲಿ ನಿಂತು, ಬೇರೆಯವನಿಗೆ ಕೊಡು ಅಂತ ಬೆರಳು ತೋರಿಸುತ್ತಾನೆ. ಅಂಕಿಅಂಶದಲ್ಲಿ ಇದು ಬರುವುದೇ ಇಲ್ಲ, ಚೆಂಡೇ ಮುಟ್ಟದವನು ಕಳಕೊಳ್ಳುವುದೆಲ್ಲಿ? ಚೆಂಡು ಕೇಳಿ ಹತ್ತು ಸಲ ಕಳಕೊಂಡವನನ್ನು ಇಟ್ಟುಕೊಳ್ಳಬಹುದು. ಅಡಗುವವನನ್ನು ಎರಡು ಪಂದ್ಯ ಬೆಂಚಿಗೆ ಕೂರಿಸಬೇಕು. 60 ನಿಮಿಷದ ನಂತರ ಹಿಂದಿನಿಂದ ಫೌಲ್ ಮಾಡಲು ಶುರು ಮಾಡಿದರೆ ಅದು ದಮ್ಮಿನ ವಿಚಾರ. ಪೂರ್ತಿ ಪಂದ್ಯಕ್ಕೆ ಮಿಡ್‌ಫೀಲ್ಡರ್ 10ರಿಂದ 12 ಕಿಲೋಮೀಟರ್ ಓಡುತ್ತಾನೆ, ಅದು ಆಗದವನನ್ನು ಒಂದು ಗಂಟೆ ಆಡಿಸಿ ತೆಗೆಯುವುದರಲ್ಲಿ ತಪ್ಪಿಲ್ಲ.

ನಮ್ಮ ಕಡೆಯ ತಂಡಗಳಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ ಕಡೆಯ ಮೈದಾನದಲ್ಲಿ ಆಡಿದ ಆಟ ನೋಡಿ ಯಾವ ಮಿಡ್‌ಫೀಲ್ಡರನ್ನೂ ಅಳೆಯಬೇಡಿ. ನಿಂತ ನೀರಿನಲ್ಲಿ ನೆಲದ ಪಾಸು ಅರ್ಧಕ್ಕೇ ನಿಲ್ಲುತ್ತದೆ. ಚೊಕ್ಕ ಆಟಗಾರ ಹೆಡ್ಡನಂತೆ ಕಾಣುತ್ತಾನೆ, ಎತ್ತಿ ಒದೆಯುವವನು ಹೀರೋ ಆಗುತ್ತಾನೆ. ಪಂದ್ಯಕ್ಕೆ ಮುಂಚೆ ಚೆಂಡು ಉರುಳಿಸಿ ಎಲ್ಲೆಲ್ಲಿ ನಿಲ್ಲುತ್ತದೆ ನೋಡಿಕೊಳ್ಳಿ. ಹುಡುಗನಿಗೆ ಉದ್ದ ಸ್ಟಡ್ಡಿನ ಬೂಟು ಇದೆಯೇ ವಿಚಾರಿಸಿ. ನಮ್ಮ ಬಾಕ್ಸ್ ಮುಂದೆ ಅಡ್ಡ ಪಾಸು ಬೇಡ, ಮೊಣಕಾಲೆತ್ತರಕ್ಕೆ ಎತ್ತಿ ಕೊಡು ಅಂತ ಹೇಳಿ. ಅವನ ವಿಚಾರಣೆ ಬೇಕಿದ್ದರೆ ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಇಟ್ಟುಕೊಳ್ಳಿ, ಹಾಳೆ ಪೆನ್ನಿನ ಜೊತೆ.

ನಮಸ್ಕಾರ.