ಐರಿಕ್ಸ್ ಡೆಸ್ಕ್‌ಟಾಪ್‌ಗೆ ಮತ್ತೆ ಜೀವ: ಲೈಸೆನ್ಸ್ ಯಾರನ್ನ ಕೇಳೋದು?

ಪರದೆಯ ಎಡಗಡೆ ಮೇಲಿನ ಮೂಲೆ ನೋಡಿ. ಆ ಪುಟ್ಟ ಮೆನು ಇದೆಯಲ್ಲ, ಅದರ ಹೆಸರು ಟೂಲ್‌ಚೆಸ್ಟ್. ಡೆಸ್ಕ್‌ಟಾಪ್, ಸೆಲೆಕ್ಟೆಡ್, ಇಂಟರ್ನೆಟ್, ಫೈಂಡ್, ಸಿಸ್ಟಮ್, ಹೆಲ್ಪ್. ಮುಗೀತು. ಕೆಳಗೆ ಉದ್ದನೆ ಪಟ್ಟಿ ಇಲ್ಲ, ಮಿನುಗುವ ನೋಟಿಫಿಕೇಶನ್ ಇಲ್ಲ. ಸಿಲಿಕಾನ್ ಗ್ರಾಫಿಕ್ಸ್ (ಎಸ್‌ಜಿಐ) ಕಂಪನಿಯ ವರ್ಕ್‌ಸ್ಟೇಷನ್‌ಗಳಲ್ಲಿ ಬರುತ್ತಿದ್ದ ಡೆಸ್ಕ್‌ಟಾಪ್ ಇದು. 1993ರ ಹೊತ್ತಿಗೆ ಇದಕ್ಕೆ ಇಂಡಿಗೋ ಮ್ಯಾಜಿಕ್ ಅಂತ ಹೆಸರು. ಆಮೇಲೆ ಐರಿಕ್ಸ್ ಇಂಟರಾಕ್ಟಿವ್ ಡೆಸ್ಕ್‌ಟಾಪ್ ಆಯಿತು. ಐರಿಕ್ಸ್ ಅಂದರೆ ಆ ಯಂತ್ರಗಳ ಆಪರೇಟಿಂಗ್ ಸಿಸ್ಟಮ್, ಯುನಿಕ್ಸ್‌ನ ಒಂದು ರೂಪ. ಅದರ ಕೊನೆಯ ಆವೃತ್ತಿ 6.5.30 ಬಂದದ್ದು 2006ರಲ್ಲಿ. ಅದೇ ವರ್ಷದ ಕೊನೆಗೆ ಆ ಯಂತ್ರಗಳ ತಯಾರಿಯೂ ನಿಂತುಹೋಯಿತು.

ಇವತ್ತಿನ ಕೆಲಸ ಇದನ್ನು ಲಿನಕ್ಸ್ ಅನ್ನುವ ಸ್ವತಂತ್ರ ಆಪರೇಟಿಂಗ್ ಸಿಸ್ಟಮ್ ಮೇಲೆ ತರುವುದು. ನೋಡಲು ಹೀಗೇ ಇರುವ ಥೀಮ್ ಹಾಕಿ ಸುಮ್ಮನಾಗುವುದಲ್ಲ. ನಡವಳಿಕೆಯೂ ಇದರ ಹಾಗೇ ಇರಬೇಕು, ಮತ್ತೆ ನಾಳೆ ಯಾರೂ ಬಂದು ತೆಗೆದುಹಾಕಿ ಅನ್ನಬಾರದು. ಎರಡನೆಯದೇ ಕಷ್ಟ.

ಈಗ ಕಾಣುತ್ತಿರುವುದು ಅಸಲಿ ಯಂತ್ರ. ಎಸ್‌ಜಿಐ ಇಂಡಿ, 1993ರ ಮಾಡೆಲ್, ನೀಲಿ ಡಬ್ಬ. ಮೇಲೆ ಕೂತಿರುವುದು ಇಂಡಿಕ್ಯಾಮ್. ಆ ಕಾಲದಲ್ಲೇ ಕಂಪ್ಯೂಟರ್ ಜೊತೆ ವಿಡಿಯೋ ಕ್ಯಾಮೆರಾ ಕೊಡುತ್ತಿದ್ದರು! ಇದರಲ್ಲಿ ಓಡುತ್ತಿರುವುದು 6.5.22, ಇಂಡಿಗೆ ಸಿಕ್ಕ ಕೊನೆಯ ಆವೃತ್ತಿ ಅದೇ. ಇನ್‌ಸ್ಟಾಲ್ ಮಾಡಿದ್ದನ್ನು ಫಾಸ್ಟ್ ಫಾರ್ವರ್ಡ್‌ನಲ್ಲಿ ಹಾಕಿದ್ದೇನೆ, ಸಿಡಿ ಬದಲಿಸುವುದನ್ನು ನೋಡಿಕೊಂಡು ಯಾರು ಕೂರುತ್ತಾರೆ.

ಆದರೆ ಇದನ್ನು ಮಾತ್ರ ಫಾಸ್ಟ್ ಫಾರ್ವರ್ಡ್ ಮಾಡಲ್ಲ. ಬೋರ್ಡ್ ಮೇಲಿನ ಈ ಕಪ್ಪು ಚಿಪ್ ನೋಡಿ, ಕ್ಯಾಮೆರಾ ಹತ್ತಿರ ತರುತ್ತೇನೆ. ಗಡಿಯಾರ, ಸೆಟ್ಟಿಂಗ್ಸ್ ಎಲ್ಲ ಇದರೊಳಗೆ. ಇದಕ್ಕೆ ಬೇಕಾದ ಬ್ಯಾಟರಿ ಕೂಡ ಇದರ ಒಳಗೇ ಇದೆ, ಮೇಲೆ ಗಟ್ಟಿ ಅಂಟು ಸುರಿದು ಮುಚ್ಚಿಬಿಟ್ಟಿದ್ದಾರೆ. ಮೂವತ್ತು ವರ್ಷ ಆದ ಮೇಲೆ ಬ್ಯಾಟರಿ ಸಾಯುವುದು ಸಹಜ. ಆದರೆ ಅದು ಸತ್ತರೆ ಟೈಮ್ ಒಂದೇ ಹೋಗುವುದಿಲ್ಲ. ಈ ಯಂತ್ರದ ನೆಟ್‌ವರ್ಕ್ ವಿಳಾಸವೂ ಅದೇ ಚಿಪ್‌ನಲ್ಲಿದೆ. ನೋಡಿ, ವಿಳಾಸ ಇರಬೇಕಾದ ಕಡೆ ಸಾಲಾಗಿ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ಯಂತ್ರ ತನ್ನ ಗುರುತನ್ನೇ ಕಳೆದುಕೊಂಡಿದೆ.

ಇಲ್ಲಿಂದ ತಲೆನೋವು ಶುರು. ಈ ಡಿಸ್ಕ್‌ನಲ್ಲಿ ಹಿಂದಿನ ಮಾಲೀಕರು ಹಾಕಿಸಿದ್ದ ಕಂಪೈಲರ್ ಇದೆ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಸಾಧನ. ಡೆಸ್ಕ್‌ಟಾಪ್ ಒಳಗೆ ಹೇಗೆ ಮಾತಾಡಿಕೊಳ್ಳುತ್ತದೆ ಅಂತ ನೋಡಲು ಸಣ್ಣ ಪ್ರೋಗ್ರಾಂ ಬರೆಯಬೇಕಿತ್ತು, ಅದಕ್ಕೆ ಕಂಪೈಲರ್ ಬೇಕು. ಅದನ್ನು ಓಡಿಸಿದರೆ ಲೈಸೆನ್ಸ್ ಸರಿಯಿಲ್ಲ ಅನ್ನುತ್ತದೆ. ಯಾಕೆ ಗೊತ್ತಾ? ಆ ಲೈಸೆನ್ಸ್ ಫೈಲ್ ಅನ್ನು ಈ ಒಂದು ಯಂತ್ರದ ಗುರುತಿನ ಸಂಖ್ಯೆಗೆ ಕಟ್ಟಿಹಾಕಿದ್ದಾರೆ. ಇಂಡಿಯಲ್ಲಿ ಆ ಸಂಖ್ಯೆ ಬರುವುದು ನೆಟ್‌ವರ್ಕ್ ವಿಳಾಸದಿಂದ. ವಿಳಾಸ ಇದ್ದದ್ದು ಆ ಚಿಪ್‌ನಲ್ಲಿ. ಚಿಪ್ ಉಳಿದದ್ದು ಬ್ಯಾಟರಿಯಿಂದ. ಅಂದರೆ ದುಡ್ಡು ಕೊಟ್ಟು ಪಡೆದ ಹಕ್ಕು ಕೊನೆಗೆ ಒಂದು ಸಣ್ಣ ಬ್ಯಾಟರಿ ಮೇಲೆ ನಿಂತಿತ್ತು! ಹೊಸ ಲೈಸೆನ್ಸ್ ಕೊಡಿ ಅಂತ ಬರೆದು ಕೇಳಲು ಆ ಕಡೆ ಯಾರೂ ಇಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳಲಿ? ಈ ಪದ್ಧತಿ ಮೇಲೆಯೇ.

ಪುಣ್ಯಕ್ಕೆ ಡಬ್ಬದ ಹಿಂದಿನ ಸ್ಟಿಕ್ಕರ್ ಇನ್ನೂ ಓದುವ ಹಾಗಿತ್ತು. 08:00:69 ಅಂತ ಶುರುವಾಗುತ್ತದೆ, ಎಸ್‌ಜಿಐ ಯಂತ್ರಗಳ ವಿಳಾಸ ಹಾಗೇ ಇರುವುದು. ಚಿಪ್‌ನ ಮೇಲಿನ ಅಂಟು ಉಜ್ಜಿ, ಒಳಗಿನ ತಂತಿ ಹುಡುಕಿ, ಹೊರಗಡೆ ನಾಣ್ಯದ ಗಾತ್ರದ ಬ್ಯಾಟರಿ ಬೆಸುಗೆ ಹಾಕಿದ್ದೇನೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಒಳ್ಳೆಯದಲ್ಲ. ಆಮೇಲೆ ಬೂಟ್ ಆಗುವ ಮೊದಲೇ ನಿಲ್ಲಿಸಿ ವಿಳಾಸ ಟೈಪ್ ಮಾಡಿದೆ. ಕಂಪೈಲರ್ ಎದ್ದು ಕೂತಿತು.

ಆದರೂ ಒಂದು ಪ್ರಶ್ನೆ ಉಳಿಯಿತು. ಯಂತ್ರ ನನ್ನದಾಯಿತು, ಲೈಸೆನ್ಸ್ ನನ್ನದಾಯಿತಾ? ಅದು ಹಿಂದಿನ ಮಾಲೀಕರ ಹೆಸರಿನಲ್ಲಿತ್ತು. ಹಾಗಾಗಿ ಈ ಕಂಪೈಲರ್‌ನಿಂದ ಹುಟ್ಟಿದ ಯಾವುದನ್ನೂ ನಾನು ಹೊರಗೆ ಕೊಡುವುದಿಲ್ಲ. ನೋಡಿ ಕಲಿಯಲು ಮಾತ್ರ.

ಈಗ ದೊಡ್ಡ ಪ್ರಶ್ನೆ. ಈ ಡೆಸ್ಕ್‌ಟಾಪ್ ಯಾರದ್ದು? ಕೈ ಬದಲಾಗುತ್ತಾ ಹೋದ ಮನೆಯ ಮೂಲಪತ್ರ ಹುಡುಕಿದ ಹಾಗೆ ಇದು. 2009ರಲ್ಲಿ ಎಸ್‌ಜಿಐ ಎರಡನೇ ಸಲ ದಿವಾಳಿ ಅರ್ಜಿ ಹಾಕಿತು. ರಾಕಬಲ್ ಸಿಸ್ಟಮ್ಸ್ ಅದನ್ನು ಕೊಂಡುಕೊಂಡಿತು. ಮೊದಲು ಹೇಳಿದ್ದು 2.5 ಕೋಟಿ ಡಾಲರ್, ಕೊನೆಗೆ 4 ಕೋಟಿ ದಾಟಿತು. ಕೊಂಡವರು ಸಿಲಿಕಾನ್ ಗ್ರಾಫಿಕ್ಸ್ ಇಂಟರ್‌ನ್ಯಾಷನಲ್ ಅಂತ ಹೆಸರಿಟ್ಟುಕೊಂಡರು. ಹಳೆಯ ಕಂಪನಿ ಬೇರೆ ಹೆಸರಿನಲ್ಲಿ ಉಳಿದು ಪೇಟೆಂಟ್‌ಗಳನ್ನು ನೋಡಿಕೊಂಡಿತು. 2016ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಬಂದು 27.5 ಕೋಟಿ ಡಾಲರ್‌ಗೆ ಹೊಸ ಎಸ್‌ಜಿಐಯನ್ನು ಕೊಂಡಿತು. ಅವರಿಗೆ ಬೇಕಿದ್ದದ್ದು ಸೂಪರ್‌ಕಂಪ್ಯೂಟರ್ ವ್ಯಾಪಾರ. 1993ರ ಫೈಲ್ ಮ್ಯಾನೇಜರ್ ಅಲ್ಲ.

ಪೂರ್ತಿ ಐರಿಕ್ಸ್‌ನ ಕೋಡನ್ನೇ ಎಲ್ಲರಿಗೂ ತೆರೆದುಬಿಡಲಿ ಅಂತ ತುಂಬಾ ಜನ ಹೇಳುತ್ತಾರೆ. ಅದು ಅಷ್ಟು ಸುಲಭ ಇಲ್ಲ. ಅದರ ಬುಡದಲ್ಲಿ ಎಟಿ ಅಂಡ್ ಟಿ ಕಂಪನಿಯ ಸಿಸ್ಟಮ್ ಫೈವ್ ಯುನಿಕ್ಸ್‌ನ ಕೋಡ್ ಇದೆ. ಪರದೆ ಮೇಲೆ ಬಿಡಿಸಲು ಅಡೋಬಿ ಕಂಪನಿಯ ಡಿಸ್‌ಪ್ಲೇ ಪೋಸ್ಟ್‌ಸ್ಕ್ರಿಪ್ಟ್ ಇದೆ. ಬೇರೆಯವರ ತುಂಡುಗಳನ್ನು ಒಂದೊಂದಾಗಿ ಬಿಡಿಸಬೇಕು. ಆ ಕೆಲಸಕ್ಕೆ ಸಂಬಳ ಕೊಡುವವರು ಯಾರು?

ಸಾಧ್ಯವೇ ಇಲ್ಲ ಅಂತಲೂ ಅಲ್ಲ ಮತ್ತೆ. ಎಚ್‌ಪಿ, ಐಬಿಎಂ, ಸನ್ ಎಲ್ಲ ಸೇರಿ 1993ರಲ್ಲಿ ಸಿಡಿಇ ಅಂತ ಒಂದು ಡೆಸ್ಕ್‌ಟಾಪ್ ಶುರು ಮಾಡಿದ್ದರು. ಜನ ವರ್ಷಗಟ್ಟಲೆ ಬೆನ್ನು ಬಿದ್ದು ಕೇಳಿದರು, 2012ರ ಆಗಸ್ಟ್‌ನಲ್ಲಿ ಅದು ಎಲ್‌ಜಿಪಿಎಲ್ ಅನ್ನುವ ಸ್ವತಂತ್ರ ಸಾಫ್ಟ್‌ವೇರ್ ಲೈಸೆನ್ಸ್‌ನಲ್ಲಿ ಹೊರಗೆ ಬಂತು. ಅದೇ ವರ್ಷ ಮೋಟಿಫ್ ಕೂಡ ಬಂತು. ಮೋಟಿಫ್ ಅಂದರೆ ಈ ಬಟನ್, ಈ ಅಂಚು, ಈ ಸ್ಕ್ರಾಲ್‌ಬಾರ್‌ಗಳನ್ನೆಲ್ಲ ಕಟ್ಟಿಕೊಡುವ ಲೈಬ್ರರಿ. ಎಸ್‌ಜಿಐ ಕೂಡ ಒಮ್ಮೆ ಮಾತು ಕೇಳಿದೆ. ಅವರು ಕೊಟ್ಟಿದ್ದ, 3ಡಿ ಚಿತ್ರ ಬಿಡಿಸುವ ಓಪನ್‌ಜಿಎಲ್ ಕೋಡ್‌ನ ಲೈಸೆನ್ಸ್‌ನಲ್ಲಿ ತೊಡಕಿದೆ, ಇದು ಸ್ವತಂತ್ರ ಸಾಫ್ಟ್‌ವೇರ್ ಆಗಲ್ಲ ಅಂತ ದೂರು ಬಂದಿತ್ತು. 2008ರಲ್ಲಿ ಅದನ್ನು ಸರಳ ಮಾಡಿದರು. ಆಗ ಕಂಪನಿ ಇತ್ತು, ಹೂಂ ಅನ್ನುವ ಅಧಿಕಾರ ಇದ್ದವರು ಇದ್ದರು. ಈಗ ಬೇಡ ಅನ್ನುವವರೂ ಇಲ್ಲ, ಹೂಂ ಅನ್ನುವವರೂ ಇಲ್ಲ. ನನ್ನ ತಕರಾರು ಇಷ್ಟೇ.

ಕೆಲವರು ಇದನ್ನೆಲ್ಲ ಬಿಟ್ಟುಬಿಟ್ಟ ಸಾಫ್ಟ್‌ವೇರ್ ಅಂತ ಕರೆದು ಸುಮ್ನೆ ಕಾಪಿ ಮಾಡುತ್ತಾರೆ. ಕಾನೂನಿನಲ್ಲಿ ಅಂಥ ವರ್ಗವೇ ಇಲ್ಲ. ಅಮೆರಿಕದಲ್ಲಿ ಕಂಪನಿ ಮಾಡಿಸಿದ ಕೃತಿಗೆ ಪ್ರಕಟವಾದಾಗಿನಿಂದ 95 ವರ್ಷ ಕಾಪಿರೈಟ್. 1993ಕ್ಕೆ 95 ಸೇರಿಸಿ. 2088! ಕಾಯುತ್ತೀರಾ?

ಸರಿ, ದಾರಿ ಏನು? ಲಿನಕ್ಸ್‌ನಲ್ಲಿ ಮ್ಯಾಕ್ಸ್ ಅಂತ ಒಂದು ಡೆಸ್ಕ್‌ಟಾಪ್ ಇದೆ. ಅವರು ಎಸ್‌ಜಿಐಯಿಂದಲೇ ವಿಶೇಷ ಲೈಸೆನ್ಸ್ ಪಡೆದು ಇದನ್ನು ಮತ್ತೆ ಕಟ್ಟಿದವರು. ಆ ಒಪ್ಪಂದದ ಕಾರಣಕ್ಕೇ ಅದರ ಕೋಡ್ ಪೂರ್ತಿ ತೆರೆದಿಲ್ಲ. ಇದು ನನಗೆ ಇಷ್ಟ ಇಲ್ಲ, ನೇರವಾಗಿ ಹೇಳುತ್ತೇನೆ. ಕೋಡ್ ಕಾಣದಿದ್ದರೆ ನಾಳೆ ಅದೂ ಹೀಗೇ ಅನಾಥ ಆಗಬಹುದು. ಆದರೆ ಯೋಚನೆ ಮಾಡಿದಷ್ಟೂ ಅವರ ಬಗ್ಗೆ ಗೌರವ ಜಾಸ್ತಿ ಆಗುತ್ತದೆ. ಕೇಳಲು ಯಾರಾದರೂ ಇದ್ದ ಕಾಲದಲ್ಲೇ ಹೋಗಿ ಕೇಳಿದರು, ಬರಹದಲ್ಲಿ ಒಪ್ಪಿಗೆ ಪಡೆದರು. ಆ ಬಾಗಿಲು ಈಗ ಯಾರಿಗೂ ತೆರೆಯುವ ಹಾಗೆ ಕಾಣಲ್ಲ.

ನಾನು ಹಿಡಿದದ್ದು ಬೇರೆ ದಾರಿ. ಇಲ್ಲಿ ಟರ್ಮಿನಲ್ ನೋಡಿ. ಐರಿಕ್ಸ್‌ನ ವಿಂಡೋ ಮ್ಯಾನೇಜರ್, ಅಂದರೆ ಕಿಟಕಿಗಳ ಅಂಚು, ಜಾಗ ನೋಡಿಕೊಳ್ಳುವ ಪ್ರೋಗ್ರಾಂ, ಫೋರ್‌ಡಿಡಬ್ಲ್ಯೂಎಂ. ಅದು ಹುಟ್ಟಿದ್ದು ಮೋಟಿಫ್‌ನ ಎಂಡಬ್ಲ್ಯೂಎಂನಿಂದ. ಆ ಎಂಡಬ್ಲ್ಯೂಎಂ ಈಗ ಎಲ್‌ಜಿಪಿಎಲ್. ಅದನ್ನು ಇವತ್ತಿನ ಫಾಂಟ್, ಎರಡು ಮಾನಿಟರ್‌ಗೆಲ್ಲ ಒಗ್ಗಿಸಿದ ಇಎಂಡಬ್ಲ್ಯೂಎಂ ಅನ್ನುವ ರೂಪವೂ ಸಿಗುತ್ತದೆ. ನನ್ನ ಅಡಿಪಾಯ ಅದೇ. ಇಷ್ಟು ಭಾಗದ ಬಗ್ಗೆ ಯಾರನ್ನೂ ಕೇಳಬೇಕಾಗಿಲ್ಲ.

ಐಕಾನ್‌ಗಳಿಗೆ ಬರೋಣ, ಇಷ್ಟೆಲ್ಲ ಮಾಡಿದ್ದೇ ಇದಕ್ಕೆ. ಅಸಲಿ ಯಂತ್ರದ ಫೈಲ್ ಮ್ಯಾನೇಜರ್‌ನ ಅಂಚಿನಲ್ಲಿ ಒಂದು ಗಾಲಿ ಇದೆ. ತಿರುಗಿಸುತ್ತೇನೆ. ಐಕಾನ್ ದೊಡ್ಡದಾಗುತ್ತದೆ, ಇನ್ನೂ ದೊಡ್ಡದು, ಅಂಚು ಎಲ್ಲೂ ಒಡೆಯುವುದಿಲ್ಲ. ಯಾಕೆಂದರೆ ಇವು ಚಿತ್ರಗಳಲ್ಲ, ಬಿಡಿಸುವ ಸೂಚನೆಗಳು! ಒಂದು ಟೆಕ್ಸ್ಟ್ ಫೈಲ್ ತೆರೆದಿದ್ದೇನೆ, ನೋಡಿ. ಮೊದಲ ಸಾಲು ಟೈಪ್. ಕೆಳಗೆ ಮ್ಯಾಚ್, ಯಾವ ಫೈಲ್‌ಗೆ ಇದು ಅನ್ವಯ ಅಂತ. ಆಮೇಲೆ ಕಮಾಂಡ್ ಓಪನ್, ಡಬಲ್ ಕ್ಲಿಕ್ ಮಾಡಿದರೆ ಏನಾಗಬೇಕು ಅಂತ. ಕೊನೆಗೆ ಐಕಾನ್. ಬಣ್ಣ ಹೇಳು, ಆಕಾರ ಶುರು ಮಾಡು, ಈ ಬಿಂದು, ಆ ಬಿಂದು, ಆಕಾರ ಮುಚ್ಚು. ಬಣ್ಣ ಕೂಡ ಒಂದು ಹೆಸರು ಅಷ್ಟೇ, ಸೆಲೆಕ್ಟ್ ಮಾಡಿದ ಕೂಡಲೇ ಅದೇ ಹೆಸರು ಹಳದಿ ಆಗುತ್ತದೆ. ಫೋಲ್ಡರ್ ತೆರೆದಿದ್ದರೆ ಒಂದು ಆಕಾರ, ಮುಚ್ಚಿದ್ದರೆ ಇನ್ನೊಂದು. ಪ್ರೋಗ್ರಾಂ ಆದರೆ ಅದರ ಅಡಿಯಲ್ಲಿ ಓರೆಯಾಗಿ ಒಂದು ಜಮಖಾನ. ಅದನ್ನು ಮ್ಯಾಜಿಕ್ ಕಾರ್ಪೆಟ್ ಅನ್ನುತ್ತಾರೆ. ಜಮಖಾನ ಕಂಡರೆ ಸಾಕು, ಇದು ಓಡುವ ವಸ್ತು ಅಂತ ಗೊತ್ತಾಗುತ್ತದೆ.

ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ? ನಿಧಾನ ಅನ್ನುವುದು ನಿಜ. 16 ಎಂಬಿ ಮೆಮೊರಿಯ ಇಂಡಿಯಲ್ಲಿ ಐರಿಕ್ಸ್ 5.1 ತೆವಳುತ್ತದೆ ಅಂತ 1993ರಲ್ಲೇ ಆ ಕಂಪನಿಯ ಒಳಗಿಂದಲೇ ದೂರು ಬಂದಿತ್ತು. ಈಗಿನ ಯಂತ್ರದಲ್ಲಿ ಆ ಸಮಸ್ಯೆ ಇಲ್ಲ.

ಈ ಫೈಲ್‌ಗಳ ವ್ಯಾಕರಣವನ್ನು ಎಸ್‌ಜಿಐ ತಾನೇ ಡೆವಲಪರ್‌ಗಳಿಗಾಗಿ ಕೈಪಿಡಿಯಲ್ಲಿ ಬರೆದು ಕೊಟ್ಟಿದೆ. ಅದನ್ನು ಓದಿ ನಾನು ನನ್ನದೇ ಓದುಗ ಪ್ರೋಗ್ರಾಂ ಬರೆದಿದ್ದೇನೆ, ಅವರ ಕೋಡ್‌ನ ಒಂದು ಸಾಲೂ ಇದರಲ್ಲಿಲ್ಲ. ಆದರೆ ಅವರು ಬಿಡಿಸಿದ ಐಕಾನ್‌ಗಳು ಅವರ ಚಿತ್ರಗಳು, ಅವನ್ನು ಮುಟ್ಟಿಲ್ಲ. ಮೆನುವಿನ ಜೋಡಣೆ? ಅದರ ಮೇಲೆ ಲೋಟಸ್ ಕಂಪನಿ ಬೋರ್ಲ್ಯಾಂಡ್ ವಿರುದ್ಧ ಹೂಡಿದ ಕೇಸ್ ಇದೆ. ಮೆನು ಅನ್ನುವುದು ಬಳಸುವ ವಿಧಾನ, ಅದಕ್ಕೆ ಕಾಪಿರೈಟ್ ಇಲ್ಲ ಅಂತ 1995ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ 4-4 ಆಗಿ ಆ ತೀರ್ಪು ಹಾಗೇ ಉಳಿಯಿತು, ದೇಶಕ್ಕೆಲ್ಲ ಅನ್ವಯಿಸುವ ನಿಯಮ ಆಗಲಿಲ್ಲ. ಆದ್ದರಿಂದ ಟೂಲ್‌ಚೆಸ್ಟ್‌ನ ಜಾಗ, ಅದು ಬಿಚ್ಚಿಕೊಳ್ಳುವ ರೀತಿ ಇಟ್ಟುಕೊಂಡಿದ್ದೇನೆ. ಐರಿಕ್ಸ್ ಅನ್ನುವ ಹೆಸರು, ಆ ಘನಾಕಾರದ ಲೋಗೋ ಎರಡನ್ನೂ ಬಿಟ್ಟಿದ್ದೇನೆ.

ಅಯ್ಯೋ, ಇದನ್ನು ತೋರಿಸಲೇಬೇಕು. ಇದು ಎಫ್‌ಎಸ್‌ಎನ್, ಫೈಲ್‌ಗಳನ್ನು 3ಡಿಯಲ್ಲಿ ತೋರಿಸುವ ಎಸ್‌ಜಿಐ ಪ್ರೋಗ್ರಾಂ. ಫೋಲ್ಡರ್‌ಗಳೆಲ್ಲ ಜಗುಲಿಗಳು, ಫೈಲ್‌ಗಳು ಅದರ ಮೇಲಿನ ಕಟ್ಟೆಗಳು. ಫೈಲ್ ದೊಡ್ಡದಾದಷ್ಟೂ ಎತ್ತರ. ನಡುವೆ ಹಾರಿಕೊಂಡು ಹೋಗಬಹುದು. 1993ರ ಆ ಡೈನೋಸಾರ್ ಸಿನಿಮಾದಲ್ಲಿ ಹುಡುಗಿ ಕಂಪ್ಯೂಟರ್ ಮುಂದೆ ಕೂತು ನೋಡುತ್ತಾಳಲ್ಲ, ಅದು ಇದೇ. ಜನ ಅದು ಸಿನಿಮಾಕ್ಕೆ ಮಾಡಿದ ಗ್ರಾಫಿಕ್ಸ್ ಅಂದುಕೊಂಡಿದ್ದಾರೆ, ಅಲ್ಲ, ನಿಜವಾದ ಪ್ರೋಗ್ರಾಂ. ದಿನದ ಕೆಲಸಕ್ಕೆ ಉಪಯೋಗ ಇಲ್ಲ ಅಂತ ನಾನು ಹೇಳುತ್ತಿದ್ದೆ, ಆದರೆ ಡಿಸ್ಕ್ ತುಂಬಿಸುತ್ತಿರುವ ಫೈಲ್ ಯಾವುದು ಅಂತ ಒಂದೇ ನೋಟಕ್ಕೆ ಕಂಡಿತು. ಉಪಯೋಗ ಇದೆ. ಎಫ್‌ಎಸ್‌ವಿ ಅಂತ ಇದರ ಸ್ವತಂತ್ರ ತದ್ರೂಪು 1999ರಿಂದಲೇ ಇದೆ, ಅದೂ ಹೊಸದಾಗಿ ಬರೆದದ್ದೇ... ಶಾಟ್ ಮುಗಿಯುತ್ತಿದೆ, ವಾಪಸ್ ಬರುತ್ತೇನೆ.

ಇದು ಈಗ ಲಿನಕ್ಸ್. ಎಡಗಡೆ ನನ್ನ ಟೂಲ್‌ಚೆಸ್ಟ್, ಬಲಗಡೆ ನಾನು ಬಿಡಿಸಿದ ಫೋಲ್ಡರ್. ಗಾಲಿ ತಿರುಗಿಸುತ್ತೇನೆ, ದೊಡ್ಡದಾಗುತ್ತಿದೆ. ತೀರಾ ಸಣ್ಣದು ಮಾಡಿದಾಗ ಗೆರೆಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ಅದು ಮುಂದಿನ ವಿಡಿಯೋಕ್ಕೆ. ಇಂಡಿ ಇಲ್ಲದವರು ಮೇಮ್ ಅನ್ನುವ ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಂನಲ್ಲಿ, ಇಂಡಿ ಓಡಿಸಿ ಹೋಲಿಸಿ ನೋಡಬಹುದು. ನಿಧಾನ, ಮತ್ತು ಐರಿಕ್ಸ್ ಸಿಡಿ ನಿಮ್ಮದೇ ಆಗಿರಬೇಕು. ಕೋಡ್ ಪೂರ್ತಿ ತೆರೆದೇ ಇಡುತ್ತೇನೆ, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್, ಪ್ರತಿ ಐಕಾನ್ ಫೈಲ್‌ನ ತಲೆಯಲ್ಲಿ ಯಾರು ಬಿಡಿಸಿದ್ದು, ಯಾವಾಗ ಅನ್ನುವುದು ಬರೆದಿರುತ್ತದೆ. ಇನ್ನೂ ಬೇಕಾದ ಐಕಾನ್‌ಗಳು ತುಂಬಾ ಇವೆ. ಪ್ರಿಂಟರ್ ಇಲ್ಲ, ಆಡಿಯೋ ಫೈಲ್ ಇಲ್ಲ, ಕಸದ ಬುಟ್ಟಿ ಇಲ್ಲ. ಬಿಡಿಸಲು ಬರುವವರು ಕಳಿಸಿ, 100 ಅಗಲ 100 ಎತ್ತರದ ಚೌಕದಲ್ಲಿ ಬಿಂದುಗಳು ಇರಲಿ. ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಂಡು ಟ್ರೇಸ್ ಮಾಡಿ ಕಳಿಸಬೇಡಿ, ಅಂಥದ್ದನ್ನು ಸೇರಿಸುವುದಿಲ್ಲ.